ಮೇಘಶ್ರೀಗೆ ಛಲ ಇಲ್ಲ

ಹಿರಿಯೂರು
6 ಜನವರಿ 2025

ತಂಗಿ ಸುಮಿತ್ರಾಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ನಿನ್ನೆ ದುರ್ಗದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನಿನ್ನ ಮಗಳು ಆಡಿದ್ದು ಒಂದು ಆಟವೇನೇ? ತಂಡ ಗೆದ್ದಿತು, ಇಲ್ಲ ಅನ್ನುವುದಿಲ್ಲ. ಗೆಲ್ಲಿಸಿದವರು ಉಳಿದ ನಾಲ್ಕು ಹುಡುಗಿಯರು. ಜಿಲ್ಲಾ ತಂಡದ ಹುಲಿ, ಒಂಬತ್ತನೇ ನಂಬರು, ಹೊಳಲ್ಕೆರೆ ಮೇಘಶ್ರೀ ಅಂತ ಪೇಪರಿನವರು ಬರೆಯುತ್ತಾರಲ್ಲ, ಆ ನನ್ನ ಸೊಸೆ ಮದುವೆಗೆ ಬಂದ ಬೀಗರ ಹಾಗೆ ನಿಂತಿದ್ದಳು. ಬಾಲ್ ಕೈಗೆ ಬಂದ ತಕ್ಷಣ ಇನ್ನೊಬ್ಬಳಿಗೆ ದಾಟಿಸುವುದು. ಬಿಸಿ ಮುದ್ದೆ ಏನಾದರೂ ಕೈಗೆ ಬಿತ್ತೇ?

ಎಡಗಾಲ ಮೇಲೆ ಎಗರಿ ಬಲಗೈಯಲ್ಲಿ ರಿಂಗಿಗೆ ಹಾಕುವುದು ಅವಳ ಹುಟ್ಟುಗುಣ. ಆ ರಿಂಗು ಮಾಡಿಕೊಟ್ಟವನು ನಾನು. ನನ್ನ ಲಾರಿ ಬಾಡಿ ಶೆಡ್ಡಿನಲ್ಲಿ ಕಬ್ಬಿಣದ ಸರಳು ಬಗ್ಗಿಸಿ, ವೆಲ್ಡಿಂಗ್ ಮಾಡಿ, ನಿಮ್ಮ ಮನೆ ಗೋಡೆಗೆ ನಾನೇ ಬಡಿದಿದ್ದು. ಆಗ ಅವಳು ನನ್ನ ಸೊಂಟಕ್ಕೆ ಬರುತ್ತಿದ್ದಳು. ನಿನ್ನೆ ಒಂದು ಸಲವೂ ಹಾಗೆ ಎಗರಲಿಲ್ಲ. ಕಾಲಿಗೆ ಕಪ್ಪು ಬಿಗಿ ಪೈಜಾಮ ಬೇರೆ, ಸ್ಟೈಲಿಗೆ ಕಡಿಮೆ ಇಲ್ಲ. ನಾನು ಎದ್ದು ನಿಂತು ಕೂಗಿದೆ: "ಲೇ ಮೇಘಿ, ಹೊಟ್ಟೆಗೆ ಏನ್ ತಿಂದ್ಕಂಡ್ ಬಂದಿದೀಯ, ಎಗರೇ!" ನನಗೆ ಕಿವಿ ಕೇಳುವುದಿಲ್ಲ, ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ. ಅಂಗಳದಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದ್ದು ಮಾತ್ರ ಕಂಡಿತು.

ಅವಳಿಗೆ ಛಲ ಹೋಗಿದೆ ಸುಮಿ. ಬರೆದಿಟ್ಟುಕೋ. ಮೋಟು ಹೆಬ್ಬೆರಳಲ್ಲಿ ಪೆನ್ನು ಹಿಡಿದು ಇಷ್ಟು ಬರೆಯುವುದೇ ಸಾಕಾಯಿತು. ಕಂಡಕ್ಟರ್ ಪರಮೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ,
ಮೂಡಲಗಿರಿಯಪ್ಪ


ಹೊಳಲ್ಕೆರೆ
9 ಜನವರಿ 2025

ಅಣ್ಣನಿಗೆ,

ನಿನ್ನ ಕಾಗದ ಓದಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹುಡುಗಿಯರು ಬೈದಿದ್ದು ನನಗೆ, ನಿನಗಲ್ಲ.

ಬಾಲ್ ದಾಟಿಸುವುದು ತಪ್ಪೇ? ಐದು ಜನ ಆಡುವ ಆಟ ಅಂತ ನೀನೇ ಹೇಳಿಕೊಟ್ಟಿದ್ದೆ. ಮೊದಲು ಒಬ್ಬಳೇ ಹಾಕಿದರೆ "ಸ್ವಾರ್ಥಿ ಮುಂಡೇದು" ಅನ್ನುತ್ತಿದ್ದೆ, ಈಗ ಹಂಚಿಕೊಂಡು ಆಡಿದರೆ ಛಲ ಇಲ್ಲ ಅನ್ನುತ್ತೀಯ. ಅತ್ತ ದರಿ, ಇತ್ತ ಪುಲಿ. ಅವಳು ಹೇಗೆ ಆಡಬೇಕು ಹೇಳು.

ನೀನು ಕೂಗಿದ್ದು ಅವಳಿಗೆ ಚೆನ್ನಾಗಿ ಕೇಳಿಸಿದೆ. ಮನೆಗೆ ಬಂದವಳು ಊಟ ಬಿಟ್ಟು ಗೋಡೆಯ ರಿಂಗಿನ ಕೆಳಗೆ ನಿಂತಿದ್ದಳು. ಬಾಲ್ ಎತ್ತಲಿಲ್ಲ, ಸುಮ್ಮನೆ ನಿಂತಿದ್ದಳು. "ಮಾವಂಗೆ ನಾನು ಹೆದ್ರಿದೀನಿ ಅನ್ಸೈತೇನಮ್ಮಾ?" ಅಂದಳು.

ಇನ್ನೊಂದು ಪಂದ್ಯಕ್ಕೆ ನೀನು ಬರಬೇಡ ಅಣ್ಣ. ಬಂದರೂ ಬಾಯಿ ಮುಚ್ಚಿಕೊಂಡು ಕೂರು. ಕಾರಣ ಕೇಳಬೇಡ. ಫೋನ್ ಮಾಡೋಣವೆಂದರೆ ನೀನು "ಆಂ? ಆಂ?" ಅನ್ನುತ್ತೀಯ, ನಾನು ಕಿರುಚಬೇಕು, ಇಡೀ ಓಣಿಗೆ ಮನೆಯ ವಿಷಯ ಗೊತ್ತಾಗುತ್ತೆ. ಎಲ್ಲವನ್ನೂ ಕಿರುಚಿ ಹೇಳಲು ಆಗುವುದಿಲ್ಲ.

ಇವರು ಬೋರ್‌ವೆಲ್ ಲಾರಿ ಜೊತೆ ಆಂಧ್ರದ ಕಡೆ ಹೋಗಿದ್ದಾರೆ. ಯುಗಾದಿಗೆ ಬರುತ್ತಾರಂತೆ.

ಸುಮಿತ್ರಾ


ಹಿರಿಯೂರು
20 ಜನವರಿ 2025

ಸುಮಿ,

ಬರಬೇಡ ಅಂದೆ, ಬಂದೆ. ಬಾಯಿ ಮುಚ್ಚಿಕೋ ಅಂದೆ, ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನಿನಗೆ ಮಗಳ ತಪ್ಪು ಕಾಣುವುದಿಲ್ಲ. ಸೋದರಮಾವನಿಗೆ ಬೈಯುವ ಹಕ್ಕು ಹುಟ್ಟಿನಿಂದಲೇ ಬಂದಿದೆ.

ಸೆಮಿಫೈನಲ್ ಅದು. ಕೊನೇ ಕ್ವಾರ್ಟರಿನಲ್ಲಿ ತಾನೇ ಕೈ ಎತ್ತಿ ಕೋಚ್ ಹತ್ತಿರ ಕೇಳಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು! ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ತಂಡ ಹೇಗೋ ಒಂದು ಪಾಯಿಂಟಿನಲ್ಲಿ ಉಳಿಯಿತು. ನನ್ನ ಪಕ್ಕ ಕುಳಿತಿದ್ದ ಟೀ ಅಂಗಡಿ ಗೊಲ್ಲಪ್ಪ ನನ್ನ ಕಿವಿಗೆ ಬಾಯಿಟ್ಟು ಹೇಳಿದ: "ಗೌಡ್ರೇ, ನಿಮ್ ಹುಡುಗಿಗೆ ಹೆಸ್ರು ಬಂದೈತೆ, ಹಸಿವು ಹೋಗೈತೆ." ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು. ಅದೇ ಗೊಲ್ಲಪ್ಪನ ಹತ್ತಿರ ವರ್ಷಗಟ್ಟಲೆ ವಾದ ಮಾಡಿದವನು ನಾನು, ನಮ್ಮ ಮೇಘಿಯಂಥ ಹಟಮಾರಿ ಈ ಜಿಲ್ಲೆಯಲ್ಲೇ ಇಲ್ಲ ಅಂತ. ಇನ್ನು ಮೇಲೆ ಆ ಅಂಗಡಿಯಲ್ಲಿ ಟೀ ಕುಡಿಯುವುದು ಹೇಗೆ?

ಪಂದ್ಯ ಮುಗಿದ ಮೇಲೆ ಅವಳ ಎದುರಿಗೇ ಹೋಗಿ ಕೇಳಿದೆ: "ಫೈನಲ್ಲಿಗೂ ಹಿಂಗೇ ಬೆಂಚು ಕಾಯ್ತೀಯೇನವ್ವ? ಹಂಗಿದ್ರೆ ಆ ರಿಂಗು ಬಿಚ್ಕಂಡ್ ಹೋಗ್ತೀನಿ, ಗುಜರಿಗೆ ಹಾಕ್ತೀನಿ." ಅವಳು ಏನೋ ಅಂದಳು. ತುಟಿ ಅಲ್ಲಾಡಿದ್ದು ಕಂಡಿತು, ಕೇಳಿಸಲಿಲ್ಲ. ಏನಂದಳು ಅಂತ ಕೇಳಿ ಬರೆ.

ಅಣ್ಣ


ಹೊಳಲ್ಕೆರೆ
2 ಫೆಬ್ರವರಿ 2025

ಅಣ್ಣ,

ಉತ್ತರ ತಡವಾಯಿತು. ಇವರ ದೊಡ್ಡಪ್ಪ ತೀರಿಕೊಂಡರು. ಹದಿಮೂರು ದಿನದ ಸೂತಕ ಕಳೆದರೂ ತಿಂಗಳು ಕಳೆಯುವ ತನಕ ನಮ್ಮ ಮನೆಯವರು ಯಾವ ದೇವಸ್ಥಾನದ ಮೆಟ್ಟಿಲೂ ತುಳಿಯುವ ಹಾಗಿಲ್ಲ. ಅದಕ್ಕೇ ನಿನ್ನ ಕಾಲು ಹಿಡಿಯುತ್ತಿದ್ದೇನೆ.

ನೀನು ಹಾಲುರಾಮೇಶ್ವರಕ್ಕೆ ಹೋಗಿ ಬಾ. ಗಂಗಮ್ಮನ ಕೊಳದ ಮುಂದೆ ಕುಳಿತು ಮೇಘಳ ಹೆಸರಿನಲ್ಲಿ ಕೇಳು. ತಾಯಿಯ ತವರಿನವರು ಕೇಳಿದರೆ ನಡೆಯುತ್ತೆ ಅಂತ ಅತ್ತೆ ಹೇಳಿದ್ದಾರೆ. ನಿನಗೆ ನೆನಪಿದೆ, ಮಕ್ಕಳಿಲ್ಲ ಅಂತ ನಾನು ಅಲ್ಲಿ ಸೆರಗೊಡ್ಡಿ ಕುಳಿತಾಗ ನೀರಿನಿಂದ ಬಾಳೆಹಣ್ಣು ತೇಲಿ ಬಂದಿತ್ತು. ಆಮೇಲೆ ಹುಟ್ಟಿದವಳು ಇವಳು. ಆ ಕಥೆ ಕೇಳಿಕೊಂಡೇ ಬೆಳೆದಿದ್ದಾಳೆ. ನನ್ನ ಮಾತು ಕೇಳುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ, ಗಂಗಮ್ಮ ಹೇಳಿದರೆ ಮಾತ್ರ ಕೇಳುತ್ತಾಳೆ.

ನೀನು ಕೇಳಬೇಕಾದದ್ದು ಇಷ್ಟೇ. ಮೇಘಶ್ರೀ ಫೈನಲ್ ಆಡಬೇಕೋ ಬೇಡವೋ? ಏನಾದರೂ ತೇಲಿ ಬಂದರೆ ಆಡುತ್ತಾಳೆ. ಏನೂ ಬರದಿದ್ದರೆ ಬಿಡುತ್ತಾಳೆ. ನನ್ನ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಾಳೆ.

ಯಾಕೆ ಅಂತ ಕೇಳಬೇಡ. ಹೇಳುವುದಿಲ್ಲ ಅಂತ ನಾನೂ ಅವಳಿಗೆ ಮಾತು ಕೊಟ್ಟು ಕುಳಿತಿದ್ದೇನೆ. ಫೈನಲ್ ನೋಡಿ ರಾಜ್ಯದ ಕ್ಯಾಂಪಿಗೆ ಆರಿಸುತ್ತಾರಂತೆ. ಅವಳಿಗೆ ಬೇರೆ ಏನೂ ಕಾಣುತ್ತಿಲ್ಲ. ನನಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ಅಣ್ಣ, ಹೋಗು. ಹೋಗಿ ಕೇಳಿ, ಬಂದದ್ದನ್ನು ಬಂದ ಹಾಗೆ ಬರೆ.

ಅವತ್ತು ಅವಳು ನಿನಗೆ ಹೇಳಿದ್ದು, "ಬಿಚ್ಚಬ್ಯಾಡ ಮಾವ" ಅಂತ.

ಸುಮಿತ್ರಾ


ಹಿರಿಯೂರು
8 ಫೆಬ್ರವರಿ 2025

ತಂಗೀ,

ಹಣ್ಣು ಬಂತು!

ನಿನ್ನೆ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಹಾಲುರಾಮೇಶ್ವರ ತಲುಪಿದೆ. ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಕೊಳದ ಮುಂದೆ ಕುಳಿತೆ. ಪೂಜಾರಿ ಮಂತ್ರ ಹೇಳಿದ, ನಾನು ನಮ್ಮ ಹುಡುಗಿಯ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರು ಅಲ್ಲಾಡಿತು ನೋಡು, ಒಂದಲ್ಲ, ಎರಡಲ್ಲ, ಮೂರು ಬಾಳೆಹಣ್ಣು! ಪೂಜಾರಿ ತನ್ನ ಕೈಯಾರೆ ಎತ್ತಿ, ಒರೆಸಿ, ಕುಂಕುಮ ಹಚ್ಚಿ ಕೊಟ್ಟ. "ಅಮ್ಮ ಒಪ್ಪವಳೆ, ಹೋಗ್ರಿ ಯಜಮಾನ್ರೇ, ಧೈರ್ಯವಾಗಿ ಹೋಗ್ರಿ" ಅಂದ. ಪಕ್ಕದಲ್ಲಿದ್ದವರೂ ನೋಡಿದರು.

ಹಣ್ಣು ಪರಮೇಶನ ಕೈಯಲ್ಲಿ ಕಳಿಸಿದ್ದೇನೆ. ಬಾಡುವುದರೊಳಗೆ ಕೊಡು. ಹುಡುಗಿಗೆ ಹೇಳು, ಗಂಗಮ್ಮ ಆಡು ಅಂದ ಮೇಲೆ ಇನ್ನು ಬೆಂಚು ಗಿಂಚು ನಡೆಯುವುದಿಲ್ಲ. ಹೆದರಿಕೆಗೆ ಮದ್ದಿಲ್ಲ ಅಂತಾರೆ. ಇದೆ, ಈ ಪೊಟ್ಟಣದಲ್ಲಿದೆ.

ಅಣ್ಣ


ಹೊಳಲ್ಕೆರೆ
10 ಫೆಬ್ರವರಿ 2025

ಅಣ್ಣ,

ಹಣ್ಣು ಸಿಕ್ಕಿತು. ಮೊನ್ನೆ ಹದಿಮೂರರ ಕಾರ್ಯ ಮುಗಿಯಿತು, ಹಾಗಾಗಿ ಪ್ರಸಾದಕ್ಕೆ ಅಡ್ಡಿ ಇರಲಿಲ್ಲ. ತಿಂದಳು. ಮೂರೂ ಅವಳೇ ತಿಂದಳು.

ಇವತ್ತು ಬೆಳಿಗ್ಗೆ ಹಾಡು ಹೇಳಿಕೊಂಡು ಶೂ ತೊಳೆದಳು.

ಸುಮಿತ್ರಾ


ಹಿರಿಯೂರು
17 ಫೆಬ್ರವರಿ 2025

ನನ್ನ ಚಿನ್ನದಂಥ ತಂಗಿಗೆ,

ಇವತ್ತು ಗೊಲ್ಲಪ್ಪನ ಅಂಗಡಿಯಲ್ಲಿ ಕುಳಿತವರಿಗೆಲ್ಲ ನನ್ನ ಲೆಕ್ಕದಲ್ಲಿ ಟೀ! ಅವನು ನಿನ್ನೆ ಬಂದಿರಲಿಲ್ಲ, ಬಡ್ಡೀಮಗ. ಬರದೇ ಇದ್ದವನಿಗೆ ನಾನೇ ಅಭಿನಯ ಮಾಡಿ ತೋರಿಸಿದೆ.

ಛಲ ಅಂದರೆ ಅದು ಸುಮಿ! ನಿನ್ನೆ ಅವಳು ಬಾಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ದಾವಣಗೆರೆ ಹುಡುಗಿಯರು ಮೂರು ಜನ ಸುತ್ತುವರಿದರೂ ನುಗ್ಗಿ ಹೋದಳು. ನಾನು ಕೂಗುವ ಅಗತ್ಯವೇ ಬೀಳಲಿಲ್ಲ. ಕೊನೇ ಗಳಿಗೆ, ಒಂದು ಪಾಯಿಂಟು ಹಿಂದೆ. ಬಾಲ್ ಇವಳ ಕೈಯಲ್ಲಿ. ಬಂದಳು, ಬಂದಳು, ಎಡಗಾಲು ಊರಿ ಎಗರಿದಳು ನೋಡು! ಹಳೇ ಮೇಘಿ! ಬಾಲ್ ರಿಂಗಿನೊಳಗೆ ಬಿತ್ತು, ರೆಫರಿ ಸೀಟಿ ಊದಿದ, ಆಟ ಮುಗಿಯಿತು. ತಂಡದ ಹುಡುಗಿಯರೆಲ್ಲ ಓಡಿ ಬಂದು ಅವಳನ್ನು ಎತ್ತಿಕೊಂಡರು. ನಾಲ್ಕು ಜನ ಎತ್ತಿಕೊಂಡು ಅಂಗಳದಿಂದ ಆಚೆ ಮೆರವಣಿಗೆ ಹೋದರು. ಅವಳು ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದು ಕೂಗುತ್ತಿದ್ದಳು. ಅಂಥ ಖುಷಿ ಅವಳ ಮುಖದಲ್ಲಿ ನಾನು ನೋಡೇ ಇರಲಿಲ್ಲ. ನಾನೂ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಕೆಳಗೆ ಬಂದು ಅವಳ ಬೆನ್ನು ತಟ್ಟೋಣ ಅಂದರೆ ಜನ, ಜನ, ಜನ. ಹಿರಿಯೂರಿನ ಕೊನೇ ಬಸ್ಸಿಗೆ ಓಡಿದೆ. ನೀನು ಎಲ್ಲಿ ಕುಳಿತಿದ್ದೆ? ಕಾಣಲೇ ಇಲ್ಲ.

ಈಗಲಾದರೂ ಒಪ್ಪಿಕೋ, ಬೈದು ಬೈದೇ ಅವಳನ್ನು ದಾರಿಗೆ ತಂದವನು ಈ ಕಿವುಡ.

ಅಣ್ಣ


ದಾವಣಗೆರೆ
19 ಫೆಬ್ರವರಿ 2025

ಅಣ್ಣ,

ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ಕಾಗದ ಪರಮೇಶ ಇಲ್ಲಿಗೇ ತಂದುಕೊಟ್ಟ. ಅದನ್ನು ಓದಿ ನಾನು ಅಳುವುದನ್ನು ಕಂಡು ನರ್ಸಮ್ಮ ಓಡಿ ಬಂದರು.

ನಾನು ನಿನ್ನ ಎದುರು ಗ್ಯಾಲರಿಯಲ್ಲೇ ಇದ್ದೆ. ಅವರು ಎತ್ತಿಕೊಂಡು ಹೋಗಿದ್ದು ಮೆರವಣಿಗೆ ಅಲ್ಲ ಅಣ್ಣ. ಅವಳು ನೆಲಕ್ಕೆ ಬಂದಾಗ ಎಡಮಂಡಿ ಪಕ್ಕಕ್ಕೆ ಮಡಚಿಕೊಂಡಿತು. ಅವಳು ಕೂಗಿದ್ದು ಖುಷಿಗಲ್ಲ. "ಅಮ್ಮಾ, ಅಮ್ಮಾ" ಅಂತ ಕಿರುಚುತ್ತಿದ್ದಳು. ಇಡೀ ಅಂಗಳ ಸ್ತಬ್ಧವಾಗಿತ್ತು. ಆ ಸದ್ದಿಲ್ಲದ ಜನರ ನಡುವೆ ನೀನೊಬ್ಬನೇ ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದೆ. ಜನ ನಿನ್ನನ್ನು ಹೇಗೆ ನೋಡಿದರು ಗೊತ್ತಾ? ನಾನೂ ಹಾಗೇ ನೋಡಿದೆ.

ಇನ್ನು ಮುಚ್ಚಿಡುವುದು ಏನಿದೆ? ಡಿಸೆಂಬರಿನಲ್ಲೇ ಅವಳ ಮಂಡಿಯೊಳಗಿನ ನಾರು ಅರ್ಧ ಹರಿದಿತ್ತು. ಆರು ತಿಂಗಳು ಎಗರಬಾರದು ಅಂತ ಡಾಕ್ಟರು ಹೇಳಿದ್ದರು. ಕೋಚಿಗೆ ಗೊತ್ತಾದರೆ ತಂಡದಿಂದ ತೆಗೆಯುತ್ತಾರೆ ಅಂತ ಯಾರಿಗೂ ಹೇಳಗೊಡಲಿಲ್ಲ. ನಿನಗೆ ಹೇಳಿದರೆ ನೀನು ಕೂಗಿಕೊಂಡೇ ಊರಿಗೆಲ್ಲ ಸಾರುತ್ತೀಯ ಅಂತ ಆಣೆ ಹಾಕಿಸಿದ್ದಳು. ಆ ಕಪ್ಪು ಪೈಜಾಮದೊಳಗೆ ಬ್ಯಾಂಡೇಜ್ ಇತ್ತು. ಸೆಮಿಫೈನಲ್ಲಿನಲ್ಲಿ ಟವೆಲ್ ಕಚ್ಚಿಕೊಂಡು ಅತ್ತಿದ್ದಳು. ಛಲ ಇಲ್ಲ ಅಂದೆಯಲ್ಲ, ಅವಳಲ್ಲಿದ್ದದ್ದು ಅದೊಂದೇ.

ಈಗ ನಾರು ಪೂರ್ತಿ ಹರಿದಿದೆ, ಒಳಗಿನ ಮೆತ್ತೆಯೂ ನುಜ್ಜಾಗಿದೆ. ಆಪರೇಷನ್ ಮಾಡಿದರೆ ನೆಟ್ಟಗೆ ನಡೆಯುತ್ತಾಳೆ, ಓಟ ಎಗರಾಟ ಮರೆತುಬಿಡಿ ಅಂದರು. ಇವರಿಗೆ ಫೋನ್ ಮಾಡಿದ್ದೇನೆ, ಹೊರಟಿದ್ದಾರೆ.

ಯಾರನ್ನು ಬೈಯಲಿ? ಗಂಗಮ್ಮನೇ ಹಣ್ಣು ಕೊಟ್ಟಳಲ್ಲ.

ಸುಮಿತ್ರಾ


ಚಿತ್ರದುರ್ಗ, ಬಸ್ ಸ್ಟ್ಯಾಂಡ್
21 ಫೆಬ್ರವರಿ 2025

ಸುಮಿ,

ನಿನ್ನ ಹತ್ತಿರ ಬರಬೇಕು ಅಂತಲೇ ಬಸ್ ಹತ್ತಿದೆ. ಇಲ್ಲಿ ಇಳಿದು ದಾವಣಗೆರೆ ಬಸ್ಸು ಹತ್ತಬೇಕಿತ್ತು. ಒಂದು ಹೋಯಿತು, ಇನ್ನೊಂದು ಹೋಯಿತು, ನಾನು ಇನ್ನೂ ಬೆಂಚಿನ ಮೇಲೇ ಕುಳಿತಿದ್ದೇನೆ. ಯಾವ ಮುಖ ಇಟ್ಟುಕೊಂಡು ಬರಲಿ?

ಗಂಗಮ್ಮ ಏನೂ ಕೊಡಲಿಲ್ಲ.

ಎಷ್ಟು ಹೊತ್ತು ಕುಳಿತರೂ ನೀರು ಅಲ್ಲಾಡಲಿಲ್ಲ. ನನ್ನ ಪಕ್ಕ ಕುಳಿತ ಗಂಡ ಹೆಂಡತಿಗೆ ತೆಂಗಿನಕಾಯಿ ಬಂತು, ವೀಳ್ಯದೆಲೆ ಬಂತು. ನನಗೆ ಪೂಜಾರಿ ಕೈ ಅಲ್ಲಾಡಿಸಿದ. ನನಗೆ ಕೇಳಿಸಲಿಲ್ಲ ಅಂತ ಹತ್ತಿರ ಬಂದು ಕೂಗಿದ: "ಅಮ್ಮ ಬ್ಯಾಡ ಅಂತಾಳೆ, ಎದ್ದೇಳ್ರಿ ಯಜಮಾನ್ರೇ." ಕೇಳಿಸಿತು ಸುಮಿ. ಚೆನ್ನಾಗಿ ಕೇಳಿಸಿತು.

ಹುಡುಗಿ ಹೆದರಿದ್ದಾಳೆ, ಬಿಡಲು ನೆಪ ಹುಡುಕುತ್ತಿದ್ದಾಳೆ ಅಂದುಕೊಂಡೆ. ಹಣ್ಣು ಬರಲಿಲ್ಲ ಅಂದರೆ ಜನ್ಮಪೂರ್ತಿ ಹೆದರಿಕೊಂಡೇ ಇರುತ್ತಾಳೆ, ಬಂತು ಅಂದರೆ ಎದ್ದು ನಿಲ್ಲುತ್ತಾಳೆ ಅನ್ನಿಸಿತು. ಹೊರಗಿನ ಅಂಗಡಿಯಲ್ಲಿ ಮೂರು ಹಣ್ಣು ಕೊಂಡೆ. ನಲ್ಲಿಯಲ್ಲಿ ತೊಳೆದೆ. ಕುಂಕುಮ ನಾನೇ ಹಚ್ಚಿದೆ.

ದೇವರ ಬಾಯಲ್ಲಿ ಸುಳ್ಳು ಹೇಳಿಸಿದೆ ಕಣೇ. ಆ ಮಗುವಿನ ಕಾಲು ಮುರಿದೆ. ಮುರಿಯುವಾಗ ಸಿಳ್ಳೆ ಹೊಡೆದೆ. ನನಗೆ ಹೊಡಿ, ಉಗಿ, ಮನೆಗೆ ಸೇರಿಸಬೇಡ. ಏನಾದರೂ ಮಾಡು, ಸುಮ್ಮನೆ ಮಾತ್ರ ಇರಬೇಡ. ಅವಳಿಗೆ ಹೇಳಬೇಡ ಅನ್ನಲು ಬಾಯಿ ಬರುತ್ತಿಲ್ಲ. ಹೇಳು ಅನ್ನಲೂ ಬರುತ್ತಿಲ್ಲ.

ಮುಂದಿನ ಹಿರಿಯೂರು ಬಸ್ಸಿಗೆ ವಾಪಸ್ ಹೋಗುತ್ತೇನೆ.

ಮೂಡಲಗಿರಿಯಪ್ಪ


ಹೊಳಲ್ಕೆರೆ
24 ಫೆಬ್ರವರಿ 2025

ಅಣ್ಣ,

ಮೇಘಳನ್ನು ಮನೆಗೆ ಕರೆತಂದಿದ್ದೇವೆ. ಕಾಲಿಗೆ ಪಟ್ಟಿ ಕಟ್ಟಿದ್ದಾರೆ, ಆಪರೇಷನ್ ಆಗಿಲ್ಲ. ಅವಳು ಬೇಡ ಅನ್ನುತ್ತಿದ್ದಾಳೆ.

ಏನು ಹೇಳುತ್ತಾಳೆ ಗೊತ್ತಾ? "ಹಣ್ಣು ಕೊಟ್ಟೋಳು ಕಾಲು ಕೊಡಲ್ವೇನಮ್ಮಾ? ಗಂಗಮ್ಮನೇ ಆಡು ಅಂದವಳೆ. ತಾನಾಗೇ ವಾಸಿ ಆಗ್ತೈತೆ. ಕ್ಯಾಂಪಿಗೆ ಹೋಗ್ತೀನಿ." ಆರಿಸಿದ್ದಾರೆ ಅಣ್ಣ. ಅವಳ ಹೆಸರು ಬಂದಿದೆ. ಆ ಕೊನೇ ಎಗರಾಟ ನೋಡಿಯೇ ಆರಿಸಿದರಂತೆ. ಮೊನ್ನೆ ನಾನು ನೀರಿಗೆ ಹೋದಾಗ ಗೋಡೆ ಹಿಡಿದುಕೊಂಡು ರಿಂಗಿನ ಕೆಳಗೆ ಹೋಗಿ ನಿಂತಿದ್ದಳು. ಬಂದು ನೋಡಿದರೆ ಬಿದ್ದಿದ್ದಳು. ತಡ ಮಾಡಿದಷ್ಟೂ ಮಂಡಿ ಸವೆಯುತ್ತೆ, ಆಮೇಲೆ ಕೋಲೇ ಗತಿ ಅಂತ ಡಾಕ್ಟರು ಇವರಿಗೆ ಹೇಳಿದ್ದಾರೆ. ಇವರು ಅತ್ತು ಕರೆದು ಹೇಳಿದರೂ ಕೇಳಲಿಲ್ಲ. ಹಣ್ಣು ಬಂದಿದೆ ಅನ್ನುವ ಒಂದೇ ಮಾತು.

ನಿನ್ನ ಕಾಗದ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅದನ್ನೇ ನಿನಗೆ ಹೇಳಬೇಕು.

ಪೊಟ್ಟಣ ಬಿಚ್ಚಿದ ಕೂಡಲೇ ನನಗೆ ಗೊತ್ತಾಗಿತ್ತು. ಮೂರು ಹಣ್ಣಿನ ಮೇಲೂ ಕುಂಕುಮದಲ್ಲಿ ಅರ್ಧ ಹೆಬ್ಬೆರಳಿನ ಗುರುತು. ತಗಡು ಕತ್ತರಿಸುವಾಗ ನಿನ್ನ ಬೆರಳು ಹೋದ ದಿನ ರಕ್ತ ಕಟ್ಟಿದವಳು ನಾನು, ಆ ಗುರುತು ನನಗೆ ತಿಳಿಯುವುದಿಲ್ಲವೇ? ಪೂಜಾರಿ ಹಚ್ಚಿದ ಅಂತ ಬೇರೆ ಬರೆದಿದ್ದೆ.

ಮೇಘ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹಣ್ಣನ್ನು ಒಲೆಗೆ ಹಾಕಿ, ಏನೂ ಬರಲಿಲ್ಲವಂತೆ ಮಗಳೇ ಅಂದಿದ್ದರೆ ಮುಗಿದಿತ್ತು. ಅಷ್ಟು ದಿನ ಆ ಒಂದು ಮಾತಿಗಾಗಿಯೇ ನಾನು ಒದ್ದಾಡಿದ್ದೆ. ಆದರೆ ನಾನು ಸೆರಗಿನಿಂದ ಕುಂಕುಮ ಒರೆಸಿ, ಹಣ್ಣನ್ನು ಅವಳ ಕೈಗೆ ಕೊಟ್ಟೆ.

ಯಾಕೆ ಅಂದರೆ ನನಗೂ ಅವಳು ಫೈನಲ್ ಆಡುವುದನ್ನು ನೋಡಬೇಕಿತ್ತು ಅಣ್ಣ. ಅವಳು ಬೆಂಚಿನ ಮೇಲೆ ಕುಳಿತಾಗ ನಿನಗೊಬ್ಬನಿಗೇ ನಾಚಿಕೆ ಆಯಿತು ಅಂದುಕೊಂಡೆಯಾ? ಹಾಸ್ಟೆಲಿನ ಹುಡುಗಿಯರ ಮುಂದೆ ನನಗೂ ಆಗಿತ್ತು. ಒಂದೇ ಒಂದು ಪಂದ್ಯ, ಏನೂ ಆಗಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅವಳು ಎಗರಿದಾಗ, ನೆಲಕ್ಕೆ ಬೀಳುವ ಮುಂಚೆ, ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ.

ನೀನು ಈಗಲೇ ಬಾ. ಆ ಹಣ್ಣು ಅಂಗಡಿಯದು ಅಂತ ಅವಳಿಗೆ ಹೇಳಬೇಕು, ಹೇಳದೆ ಅವಳು ಡಾಕ್ಟರ ಹತ್ತಿರ ಬರುವುದಿಲ್ಲ. ಗಂಗಮ್ಮ ಬೇಡ ಅಂದಿದ್ದಳು ಅನ್ನುವುದನ್ನು ನಿನ್ನ ಬಾಯಿಂದಲೇ ಕೇಳಬೇಕು ಅವಳು. ನಾನು ಕುಂಕುಮ ಒರೆಸಿದ್ದನ್ನು ನಾನು ಹೇಳುತ್ತೇನೆ. ನೀನು ಒಂದು ಕಡೆ ಕೂರು, ನಾನೊಂದು ಕಡೆ ಕೂರುತ್ತೇನೆ.

ನಾಳೆ ಬೆಳಿಗ್ಗೆಯ ಬಸ್ಸಿಗೇ ಬಾ. ದುರ್ಗದಲ್ಲಿ ಇಳಿದು ಕೂರಬೇಡ. ನಿನಗೇನು ಭಯ? ಎಲ್ಲಾ ಕೇಳಿದ ಮೇಲೆ ಅವಳು ನಮಗೆ ಏನನ್ನುತ್ತಾಳೋ ಅದು ನಿನಗೆ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತೆ.

ಸುಮಿತ್ರಾ